ತಾಟಸ್ಥ್ಯದೋಷ: ‘ಜಂಟಲ್‌ಮನ್ಸ್ ಅಗ್ರಿಮೆಂಟ್’ ಎಂಬ ಚಲಚ್ಚಿತ್ರದ ವಿಮರ್ಶೆ

‘ಜಂಟಲ್‌ಮನ್ಸ್ ಅಗ್ರಿಮೆಂಟ್’ ಎಂದರೆ ಸಭ್ಯರು ತಮ್ಮತಮ್ಮೊಳಗೆ ಬಾಯಿಮಾತಿನಲ್ಲಿ ಮಾಡಿಕೊಂಡ ಒಡಂಬಡಿಕೆ. ಅದಕ್ಕೆ ಪತ್ರವಿಲ್ಲ, ರುಜುವಿಲ್ಲ, ಸಾಕ್ಷಿಯಿಲ್ಲ. ಒಪ್ಪಿದವರ ಮರ್ಯಾದೆಯೊಂದೇ ಅದಕ್ಕೆ ಆಧಾರ. ಮಾತಿನ ಮೇಲೆ ನಿಂತ ವ್ಯವಹಾರವನ್ನು ಲೋಕವು ಸದ್ಗುಣವೆಂದೇ ಎಣಿಸುವುದು. ಆದರೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಂಥ ಒಡಂಬಡಿಕೆಗೆ ಬೇರೊಂದು ಬಗೆಯ ಪ್ರಯೋಜನವೂ ಇದ್ದಿತು. ಇಂಥ ಊರಿನಲ್ಲಿ ಯೆಹೂದ್ಯರಿಗೆ ಮನೆ ಮಾರಬಾರದು, ಇಂಥ ವಸತಿಗೃಹದಲ್ಲಿ ಅವರಿಗೆ ಕೊಠಡಿ ಕೊಡಬಾರದು, ಇಂಥ ಕಛೇರಿಗೆ ಅವರನ್ನು ಸೇರಿಸಬಾರದು ಎಂಬುದು ಎಲ್ಲರಿಗೂ ತಿಳಿದಿದ್ದಿತು. ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಈ ಮೌನವನ್ನೇ ವಸ್ತುವನ್ನಾಗಿ ಮಾಡಿಕೊಂಡು ಲಾರಾ ಹಾಬ್ಸನ್ ಎಂಬ ಲೇಖಕಿಯು ಕಾದಂಬರಿಯೊಂದನ್ನು ಬರೆದಳು. ಅದು ೧೯೪೭ರಲ್ಲಿ ಪುಸ್ತಕರೂಪದಲ್ಲಿ ಹೊರಬಂದಿತು. ಅದೇ ವರ್ಷ ನವೆಂಬರ್ ತಿಂಗಳಿನಲ್ಲಿ, ಅದೇ ಹೆಸರಿನ ಚಲಚ್ಚಿತ್ರವು ನ್ಯೂಯಾರ್ಕ್ ನಗರದಲ್ಲಿ ಮೊದಲು ಪ್ರದರ್ಶಿತವಾಯಿತು. ನಿರ್ಮಾಪಕನು ಡ್ಯಾರಿಲ್ ಜಾನಕ್. ಚಿತ್ರಕಥೆಯನ್ನು ಬರೆದವನು ಮಾಸ್ ಹಾರ್ಟ್. ನಿರ್ದೇಶಕನು ಈಲಿಯಾ ಕಜಾನ್. ೧೯೪೮ರ ಮಾರ್ಚ್ ತಿಂಗಳಿನಲ್ಲಿ ಇದಕ್ಕೆ ಶ್ರೇಷ್ಠ ಚಿತ್ರ, ಶ್ರೇಷ್ಠ ನಿರ್ದೇಶನ, ಶ್ರೇಷ್ಠ ಪೋಷಕನಟಿ ಎಂಬ ಮೂರು ಅಕಾಡೆಮಿ ಪಾರಿತೋಷಕಗಳು ದೊರೆತವು.

ಈ ಚಿತ್ರವನ್ನು ಹೊಗಳಿದವರೂ ತೆಗಳಿದವರೂ ಬಹುಮಟ್ಟಿಗೆ ಅದರ ನಾಯಕನನ್ನೇ ಕುರಿತು ವಿಚಾರಿಸಿರುವರು. ಚಿತ್ರದ ಸಾರವು ನಾಯಕನಲ್ಲಿಲ್ಲ, ನಾಯಿಕೆಯಲ್ಲಿದೆ ಎಂಬುದು ಈ ಲೇಖನದ ಪ್ರತಿಜ್ಞೆ. ಅದನ್ನು ಸಾಧಿಸುವುದಕ್ಕೆ ಮೊದಲು ಕಥೆಯನ್ನು ಸಂಗ್ರಹವಾಗಿ ಹೇಳುವುದು ಆವಶ್ಯಕ.

ಫಿಲಿಪ್ ಗ್ರೀನ್ ಎಂಬ ಪತ್ರಿಕಾ ಲೇಖಕನು ಪತ್ನಿಯನ್ನು ಕಳೆದುಕೊಂಡವನು. ವೃದ್ಧೆಯಾದ ತಾಯಿಯನ್ನೂ ಟಾಮಿ ಎಂಬ ಎಳೆಯ ಮಗನನ್ನೂ ಕರೆದುಕೊಂಡು ಕ್ಯಾಲಿಫೋರ್ನಿಯದಿಂದ ನ್ಯೂಯಾರ್ಕಿಗೆ ಬರುತ್ತಾನೆ. ಅಲ್ಲಿನ ವಾರಪತ್ರಿಕೆಯ ಸಂಪಾದಕನಾದ ಮಿನಿಫೈ ಎಂಬವನು ಯೆಹೂದ್ಯದ್ವೇಷವನ್ನು ಕುರಿತು ಲೇಖನಮಾಲೆಯೊಂದನ್ನು ಬರೆಯಬೇಕೆಂದು ಅವನಿಗೆ ಹೇಳುತ್ತಾನೆ. ಈ ಸಲಹೆಯನ್ನು ಮೊದಲು ಕೊಟ್ಟವಳು ಸಂಪಾದಕನ ಸೋದರಸೊಸೆಯಾದ ಕ್ಯಾಥಿ. ಗ್ರೀನನಿಗೂ ಅವಳಿಗೂ ಪ್ರೇಮವುಂಟಾಗಿ ವಿವಾಹವು ನಿಶ್ಚಯವಾಗುತ್ತದೆ. ಅಂಕಿ ಅಂಶಗಳಿಂದ ಈ ವಿಷಯಕ್ಕೆ ಜೀವ ಬಾರದೆಂದು ಬಹುದಿನ ಚಿಂತಿಸಿದ ಗ್ರೀನನಿಗೆ ಉಪಾಯವೊಂದು ಹೊಳೆಯುತ್ತದೆ. ಹೊಸ ಊರಿನಲ್ಲಿ ತನ್ನನ್ನು ಬಲ್ಲವರಿಲ್ಲ; ತಾನೇ ಯೆಹೂದ್ಯನೆಂದು ಹೇಳಿಕೊಂಡು ಏನು ನಡೆಯುವುದೋ ನೋಡುವುದು. ನೋಡುತ್ತಾನೆ. ಮನೆಯ ಕಾವಲಿನವನು ಅಂಚೆಪೆಟ್ಟಿಗೆಯ ಮೇಲಿನ ‘ಗ್ರೀನ್‌ಬರ್ಗ್’ ಎಂಬ ಹೆಸರಿಗೆ ಮುಖ ಗಂಟಿಕ್ಕುತ್ತಾನೆ. ವಿವಾಹಾನಂತರದ ವಿಹಾರಕ್ಕೆಂದು ಗೊತ್ತುಮಾಡಿದ್ದ ವಸತಿಗೃಹದ ಅಧಿಕಾರಿಯು, ಇಲ್ಲಿ ಯೆಹೂದ್ಯರಿಗೆ ನಿಷೇಧವುಂಟೆ ಎಂಬ ಪ್ರಶ್ನೆಗೆ ಹೌದೆಂದೂ ಹೇಳದೆ ಅಲ್ಲವೆಂದೂ ಹೇಳದೆ ಜಾರಿಕೊಳ್ಳುತ್ತಾನೆ. ಜೊತೆಯ ಹುಡುಗರು ಟಾಮಿಯನ್ನು ಜಾತಿಯೆತ್ತಿ ಬಯ್ದು ಆಟದಿಂದ ಹೊರಗಟ್ಟುತ್ತಾರೆ. ಗ್ರೀನನ ಬಾಲ್ಯಮಿತ್ರನೂ ನಿಜವಾಗಿ ಯೆಹೂದ್ಯನೂ ಆದ ಡೇವ್ ಗೋಲ್ಡ್‌ಮನ್ ಎಂಬುವನು ಸೇನೆಯಿಂದ ಹಿಂದಿರುಗಿ, ಒಳ್ಳೆಯ ಉದ್ಯೋಗ ದೊರೆತರೂ ಸಂಸಾರಕ್ಕೆ ಮನೆ ದೊರೆಯದೆ ತೊಳಲುತ್ತಾನೆ. ಕನೆಕ್ಟಿಕಟ್ ಸಂಸ್ಥಾನದ ಡೇರಿಯನ್ ಎಂಬ ಊರಿನಲ್ಲಿ ಕ್ಯಾಥಿಗೆ ಸ್ವಂತ ಮನೆಯೊಂದು ಬರಿದಾಗಿ ನಿಂತಿದೆ. ಅದನ್ನು ಡೇವನಿಗೆ ಕೊಡಲು ಅವಳು ಹಿಂಜರಿಯುತ್ತಾಳೆ. ವಿವಾಹವು ಮುರಿಯುತ್ತದೆ. ಕೊನೆಗೆ ಅವಳು ಮನೆಯನ್ನು ಕೊಡುತ್ತಾಳೆ, ಪ್ರೇಮಿಗಳು ಕೂಡುತ್ತಾರೆ.

ಇಲ್ಲಿ ಪೂರ್ವಪಕ್ಷ. ಗ್ರೀನನದು ವೇಷ, ಬೇಕೆಂದಾಗ ಕಳಚಿಡಬಹುದು. ಹುಟ್ಟಿನಿಂದ ಬಂದ ಅವಮಾನಕ್ಕೂ ಕೆಲವು ವಾರ ತಾನಾಗಿ ತೆಗೆದುಕೊಂಡ ಅವಮಾನಕ್ಕೂ ಸಾಮ್ಯವೆಲ್ಲಿ? ವಿರಾಟನಗರದಲ್ಲಿ ಸೇವಕರಾಗಿದ್ದ ಪಾಂಡವರ ದುಃಖಕ್ಕೆ ಒಂದು ವರ್ಷದ ಅವಧಿಯಿದ್ದಿತು. ನಿಜವಾದ ಸೇವಕನಿಗೆ ಅಂಥ ಅವಧಿಯುಂಟೆ? ಮೇಲಾಗಿ, ನೀನು ಅವಮಾನಿಸಿದ ಮನುಷ್ಯನು ಯೆಹೂದ್ಯನಲ್ಲದವನೂ ಆಗಿರಬಹುದು, ಆದುದರಿಂದ ಎಚ್ಚರಿಕೆಯಾಗಿರು ಎಂಬ ವಿಕಟಾರ್ಥವೂ ಈ ಕಥೆಯಿಂದ ಹೊರಡುವುದು. ಚಿತ್ರವು ಹೊಸದಾಗಿದ್ದಾಗಲೇ ಈ ಅರ್ಥದ ಪರಿಹಾಸವೊಂದು ಹುಟ್ಟಿಕೊಂಡಿತು.

ಈ ಆಕ್ಷೇಪದಲ್ಲಿ ಸತ್ಯಾಂಶವುಂಟು. ಯೆಹೂದ್ಯನ ದುಃಖವನ್ನು ಒಳಗಿನಿಂದ ತೋರಿಸುವುದೇ ಚಿತ್ರದ ಉದ್ದೇಶವಾಗಿದ್ದರೆ ಈ ವೇಷವು ಅನುಚಿತವೇ ಸರಿ. ಆದರೆ ಇಲ್ಲಿ ವೇಷಕ್ಕೆ ಬೇರೆ ಕಾರ್ಯವಿದೆ. ತಾರ್ಕಿಕರು ಕಾರಣವನ್ನು ನಿಶ್ಚಯಿಸುವಾಗ ಅನ್ವಯವ್ಯತಿರೇಕಗಳನ್ನು ನೋಡುವರು: ಮಿಕ್ಕುದೆಲ್ಲವೂ ಸಮವಾಗಿದ್ದು, ಒಂದು ಮಾತ್ರ ಇದ್ದಾಗ ಕಾರ್ಯವುಂಟಾಗಿ, ಅದು ಇಲ್ಲದಾಗ ಉಂಟಾಗದಿದ್ದರೆ ಅದೇ ಕಾರಣ. ಗ್ರೀನನ ಮುಖ, ಮಾತು, ಉಡುಪು, ವಿದ್ಯೆ ಯಾವುದೂ ಬದಲಾಗಿಲ್ಲ; ಬದಲಾದುದು ಹೆಸರೊಂದೇ. ಅವನು ಒಂದೇ ಒಕ್ಕಣೆಯ ಪತ್ರಗಳನ್ನು ಗ್ರೀನ್ ಎಂಬ ಹೆಸರಿನಿಂದಲೂ ಗ್ರೀನ್‌ಬರ್ಗ್ ಎಂಬ ಹೆಸರಿನಿಂದಲೂ ಬರೆಯಿಸಿ ಕಳುಹಿಸುವ ಪ್ರಸಂಗದ ತಾತ್ಪರ್ಯವೂ ಇದೇ. ಯೆಹೂದ್ಯರ ನಡತೆಯಲ್ಲಿ ಏನೋ ಕುಂದಿರುವುದರಿಂದಲೇ ಅವರನ್ನು ದೂರವಿಡುತ್ತೇವೆ ಎಂಬ ಲೋಕವಾದವು ಇದರಿಂದ ನಿರ್ಮೂಲವಾಗುತ್ತದೆ. ನಡತೆಯು ಗ್ರೀನನದು, ನಿಷೇಧವು ಹೆಸರಿನದು. ಆದುದರಿಂದ ವೇಷವು ಪೀಡಿತನ ಅನುಭವಕ್ಕೆ ದ್ವಾರವಲ್ಲ, ಪೀಡಕನ ಪರೀಕ್ಷೆಗೆ ಒರೆಗಲ್ಲು.

ಹೆಸರಿನ ಪ್ರಸಂಗವು ಚಿತ್ರದಲ್ಲಿ ಇನ್ನೂ ಆಳಕ್ಕೆ ಹೋಗಿದೆ. ಗ್ರೀನನ ಕಾರ್ಯದರ್ಶಿನಿಯಾದ ಎಲೇನ್ ವೇಲ್ಸ್ ಎಂಬಾಕೆಯು ಆ ಪತ್ರಗಳಿಗೆ ಏನು ಉತ್ತರ ಬರುವುದೆಂಬುದನ್ನು ಮೊದಲೇ ಬಲ್ಲಳು. ಏಕೆಂದರೆ ಆಕೆ ಹೆಸರನ್ನು ಮರೆಸಿಕೊಂಡ ಯೆಹೂದ್ಯಳು. ತನ್ನ ಹುಟ್ಟುಹೆಸರಿನಿಂದ ಅರ್ಜಿ ಹಾಕಿದಾಗ ಇದೇ ಉದಾರವಾದಿ ಪತ್ರಿಕೆಯು ಸ್ಥಾನ ಖಾಲಿಯಿಲ್ಲವೆಂದಿತು. ಹೊಸ ಹೆಸರಿಗೆ ಕೆಲಸ ಕೊಟ್ಟಿತು. ಸಂಪಾದಕನು ಇದನ್ನು ಕೇಳಿ ನಾಚಿ, ಇನ್ನುಮೇಲೆ ಮತಭೇದವೆಣಿಸದೆ ಕೆಲಸ ಕೊಡಬೇಕೆಂದು ಆಜ್ಞೆ ಮಾಡುತ್ತಾನೆ. ಆಗ ಆಕೆಗೆ ಸಂತೋಷವಾಗುವುದಿಲ್ಲ, ಅಂಜಿಕೆಯಾಗುತ್ತದೆ: ಒರಟು ನಡೆಯ ಯೆಹೂದ್ಯರು ಒಳಗೆ ಬಂದು ತನ್ನಂಥವರಿಗೂ ಕೆಟ್ಟ ಹೆಸರು ತಂದಾರು! ಪೀಡೆಯು ಪೀಡಿತನಿಂದಲೇ ತನ್ನ ಮಾತನ್ನು ಆಡಿಸುವುದೆಂಬುದಕ್ಕೆ ಇದಕ್ಕಿಂತ ತೀಕ್ಷ್ಣವಾದ ನಿದರ್ಶನ ಈ ಚಿತ್ರದಲ್ಲಿಲ್ಲ.

ಈ ಪಾತ್ರವನ್ನು ವಹಿಸಿದವಳು ಜೂನ್ ಹ್ಯಾವಕ್ ಎಂಬ ನಟಿ. ಚಿತ್ರವು ತೆರೆಕಂಡ ಎರಡು ವಾರದೊಳಗೆ, ೧೯೪೭ರ ನವೆಂಬರ್ ೨೪ರಂದು, ಅಮೆರಿಕದ ಪ್ರತಿನಿಧಿಸಭೆಯಲ್ಲಿ ಮಿಸಿಸಿಪಿಯ ಸದಸ್ಯನಾದ ಜಾನ್ ರ‍್ಯಾಂಕಿನ್ ಎದ್ದುನಿಂತು, ಸಭಾಸಮಿತಿಯೊಂದರ ವಿಚಾರಣೆಯನ್ನು ವಿರೋಧಿಸಿ ಮನವಿಗೆ ರುಜುಮಾಡಿದ್ದ ನಟನಟಿಯರ ಹೆಸರುಗಳನ್ನು ಓದಿ, ಇವರ ನಿಜವಾದ ಹೆಸರು ಇಂಥದು ಎಂದು ಒಂದೊಂದಾಗಿ ಬಯಲುಮಾಡಿದನು. ಆ ಪಟ್ಟಿಯಲ್ಲಿ ಡ್ಯಾನಿ ಕೇ ಮೊದಲಾದ ಯೆಹೂದ್ಯರ ಹೆಸರುಗಳಿದ್ದವು. ಜೂನ್ ಹ್ಯಾವಕಳ ಹೆಸರೂ ಇದ್ದಿತು. ಆಕೆಯ ಹುಟ್ಟುಹೆಸರು ಹೋವಿಕ್. ಆಕೆ ಯೆಹೂದ್ಯಳೇ ಅಲ್ಲ. ಈ ರ‍್ಯಾಂಕಿನನ ಹೆಸರನ್ನು ಚಿತ್ರದಲ್ಲಿಯೇ ದ್ವೇಷಪ್ರಚಾರಕರ ಸಾಲಿನಲ್ಲಿ ಎತ್ತಿ ಹೇಳಲಾಗಿದೆ. ಚಿತ್ರದೊಳಗಿನ ಕಥೆಯು ಅತಿಶಯೋಕ್ತಿಯೆ ಎಂದು ಕೇಳುವವರಿಗೆ ಬೇರೆ ಉತ್ತರ ಬೇಡ. ಡೇವನ ಪಾತ್ರಧಾರಿಯಾದ ಜಾನ್ ಗಾರ್ಫೀಲ್ಡನೂ ಹುಟ್ಟಿನಿಂದ ಗಾರ್ಫಿಂಕಲ್ ಎಂಬ ಮನೆತನದವನು. ಯೆಹೂದ್ಯನ ಪಾತ್ರವನ್ನು ವಹಿಸಿದ ಯೆಹೂದ್ಯನಿಗೂ ತೆರೆಯ ಮೇಲೆ ತಂದೆಯ ಹೆಸರು ಉಳಿದಿರಲಿಲ್ಲ.

ಇನ್ನು ಪ್ರಕೃತಕ್ಕೆ ಬರೋಣ. ಅದೇ ೧೯೪೭ರಲ್ಲಿ, ಇದಕ್ಕೆ ಕೆಲವು ತಿಂಗಳು ಮೊದಲು, ‘ಕ್ರಾಸ್‌ಫೈರ್’ ಎಂಬ ಇನ್ನೊಂದು ಚಿತ್ರವು ಬಂದಿದ್ದಿತು. ಏಡ್ರಿಯನ್ ಸ್ಕಾಟ್ ಅದರ ನಿರ್ಮಾಪಕನು, ಎಡ್ವರ್ಡ್ ಡಿಮಿಟ್ರಿಕ್ ನಿರ್ದೇಶಕನು. ಅದರಲ್ಲಿ ಯೆಹೂದ್ಯನೆಂಬ ಒಂದೇ ಕಾರಣಕ್ಕಾಗಿ ಸೈನಿಕನೊಬ್ಬನು ಒಬ್ಬ ಮನುಷ್ಯನನ್ನು ಕೊಲ್ಲುತ್ತಾನೆ. ಆ ಕೊಲೆಗಾರನ ಪಾತ್ರದಲ್ಲಿ ರಾಬರ್ಟ್ ರಯನ್ನನ ಅಭಿನಯವು ಭಯಂಕರವಾಗಿದೆ. ಕಥೆಯ ಬಿಗಿ, ನೆಳಲು ಬೆಳಕಿನ ಯೋಜನೆ ಮುಂತಾದ ಗುಣಗಳಲ್ಲಿ ‘ಕ್ರಾಸ್‌ಫೈರ್’ ಮೇಲೆಂದು ಹೇಳುವವರೊಡನೆ ನನಗೆ ವಿವಾದವಿಲ್ಲ. ಆದರೆ ಅದನ್ನು ನೋಡುವ ಸಾಮಾಜಿಕನು ಕೊಲೆಗಾರನನ್ನು ಹೇಸಿ, ನಾನು ಇಂಥವನಲ್ಲ ಎಂಬ ಸಮಾಧಾನದಿಂದ ಮನೆಗೆ ಹೋಗಬಲ್ಲನು. ದ್ವೇಷವು ಅಲ್ಲಿ ಪರಗತವಾಗಿಯೇ ಉಳಿಯುವುದು. ‘ಜಂಟಲ್‌ಮನ್ಸ್ ಅಗ್ರಿಮೆಂಟ್’ ಚಿತ್ರದಲ್ಲಿ ಕೊಲೆಯಿಲ್ಲ, ರಕ್ತವಿಲ್ಲ, ಖಳನಾಯಕನೂ ಇಲ್ಲ. ಇರುವವಳು ಕ್ಯಾಥಿ: ಸುಶಿಕ್ಷಿತೆ, ಮೃದುಹೃದಯೆ, ಲೇಖನಮಾಲೆಯ ಸಲಹೆಯನ್ನೇ ಕೊಟ್ಟವಳು. ಗ್ರೀನನು ತನ್ನ ಉಪಾಯವನ್ನು ಹೇಳಿದ ಕ್ಷಣದಲ್ಲಿ ಅವಳ ಬಾಯಿಂದ ಹೊರಡುವ ಮೊದಲ ಪ್ರಶ್ನೆ, ನೀನು ನಿಜವಾಗಿ ಯೆಹೂದ್ಯನಲ್ಲವಷ್ಟೆ ಎಂಬರ್ಥದ್ದು. ಆಗಿದ್ದರೂ ನನಗೇನೂ ಭೇದವಿಲ್ಲವೆಂದು ಒಡನೆಯೇ ಸೇರಿಸುತ್ತಾಳೆ. ಭೇದವಿಲ್ಲದಿದ್ದರೆ ಪ್ರಶ್ನೆಯೇಕೆ? ಅಳುತ್ತ ಬಂದ ಟಾಮಿಯನ್ನು ಅವಳು ಸಂತೈಸುವ ಬಗೆಯೂ ಅಂತಹದೇ: ನೀನು ಯೆಹೂದ್ಯನಲ್ಲ, ಅವರು ತಪ್ಪು ತಿಳಿದರು ಎನ್ನುತ್ತಾಳೆ. ಬಯ್ಗುಳವು ತಪ್ಪಲ್ಲ, ವಿಳಾಸವು ಮಾತ್ರ ತಪ್ಪು ಎಂದಂತಾಯಿತು! ಪ್ರೀತಿಯ ಮಾತಿನೊಳಗೇ ಪಕ್ಷಪಾತವು ಧ್ವನಿಸುವುದನ್ನು ಇಷ್ಟು ಸೂಕ್ಷ್ಮವಾಗಿ ತೋರಿಸಿದ ಸ್ಥಳಗಳು ವಿರಳ.

ಚಿತ್ರದ ಮರ್ಮಸ್ಥಾನವು ಇದರ ತರುವಾಯ ಬರುವುದು. ಕ್ಯಾಥಿಯು ಡೇವನನ್ನು ಉಪಾಹಾರಗೃಹವೊಂದರಲ್ಲಿ ಕಂಡು ತನ್ನ ಅಳಲನ್ನು ತೋಡಿಕೊಳ್ಳುತ್ತಾಳೆ. ಔತಣವೊಂದರಲ್ಲಿ ಯಾರೋ ಒಬ್ಬನು ಯೆಹೂದ್ಯರನ್ನು ಹೀಯಾಳಿಸುವ ಕಥೆಯನ್ನು ಹೇಳಿದನು. ತನಗೆ ಬಹಳ ಅಸಹ್ಯವಾಯಿತು. ಮೇಜಿನ ಸುತ್ತ ಕುಳಿತವರೆಲ್ಲರಿಗೂ ಅಸಹ್ಯವಾಯಿತು. ಡೇವನು ಕೇಳುವುದು ಒಂದೇ ಪ್ರಶ್ನೆ: ಆಗ ನೀನೇನು ಮಾಡಿದೆ? ಅವಳು ತನ್ನ ಮನಸ್ಸಿನಲ್ಲಾದುದನ್ನು ಹೇಳುತ್ತಾಳೆ, ಎದ್ದುಹೋಗಬೇಕೆನಿಸಿತೆನ್ನುತ್ತಾಳೆ, ಕೂಗಿಕೊಳ್ಳಬೇಕೆನಿಸಿತೆನ್ನುತ್ತಾಳೆ. ಅವನು ಧ್ವನಿಯೇರಿಸದೆ ಮತ್ತೆ ಅದನ್ನೇ ಕೇಳುತ್ತಾನೆ. ಅವಳಿಗೆ ತಾನೇ ಅರ್ಥವಾಗುತ್ತದೆ: ಅವಳು ಏನನ್ನೂ ಮಾಡಲಿಲ್ಲ, ಸುಮ್ಮನೆ ಕುಳಿತಿದ್ದಳು.

ಸಭಾಪರ್ವವನ್ನು ಬಲ್ಲವರಿಗೆ ಈ ಸ್ಥಳದಲ್ಲಿ ವಿದುರನು ನೆನಪಾಗದಿರಲಾರನು. ದ್ರೌಪದಿಯ ಪ್ರಶ್ನೆಗೆ ಸಭೆಯೆಲ್ಲ ಮೌನವಾದಾಗ ಅವನು ಪ್ರಹ್ಲಾದನಿಗೆ ಕಶ್ಯಪನು ಹೇಳಿದ ನಿರ್ಣಯವನ್ನು ಎತ್ತಿ ಹೇಳುತ್ತಾನೆ. ಸಭೆಯಲ್ಲಿ ನಿಂದ್ಯವಾದುದನ್ನು ನಿಂದಿಸದೆ ಬಿಟ್ಟಾಗ ಪಾಪದ ಅರ್ಧವು ಸಭೆಯ ಹಿರಿಯನಿಗೆ, ಕಾಲುಭಾಗವು ಮಾಡಿದವನಿಗೆ, ಕಾಲುಭಾಗವು ಸುಮ್ಮನಿದ್ದ ಸಭಾಸದರಿಗೆ. ಈ ಗಣಿತವು ವಿಚಾರಾರ್ಹವಾಗಿದೆ. ಮಾಡಿದವನಿಗೂ ಸುಮ್ಮನಿದ್ದವರಿಗೂ ಪಾಲು ಸಮ. ಸುಮ್ಮನಿದ್ದವರು ಒಳಗೊಳಗೆ ಮರುಗಿದರೆಂಬುದಕ್ಕೆ ಅದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ನಾನು ಈ ಭಾಗವನ್ನು ವಿದ್ಯಾರ್ಥಿಗಳಿಗೆ ಅನೇಕಾವೃತ್ತಿ ಪಾಠ ಹೇಳಿರುವೆನು. ಆದರೂ ಡೇವನ ಪ್ರಶ್ನೆಯನ್ನು ಕೇಳಿದಾಗ ನನ್ನ ಕಣ್ಣಮುಂದೆ ನಿಂತದ್ದು ಕುರುಸಭೆಯಲ್ಲ. ಎಷ್ಟೋ ವರ್ಷಗಳ ಹಿಂದೆ ಒಂದು ಭೋಜನಪಂಕ್ತಿಯಲ್ಲಿ, ಬಾಗಿಲ ಹೊರಗೆ ಎಂಜಲೆಲೆಗಾಗಿ ಕಾದಿದ್ದವರ ಜಾತಿಯನ್ನು ಕುರಿತು ವಿದ್ವಾಂಸರೊಬ್ಬರು ಹಾಸ್ಯದ ಮಾತಾಡಿದರು, ಪಂಕ್ತಿ ನಕ್ಕಿತು, ನಾನು ನಗಲಿಲ್ಲ. ನಗಲಿಲ್ಲವೆಂಬುದನ್ನೇ ಇಷ್ಟುಕಾಲ ಒಂದು ಪುಣ್ಯವೆಂದು ಎಣಿಸಿದ್ದೆನು. ಎಲೆಯನ್ನೇ ನೋಡುತ್ತ ಊಟ ಮುಗಿಸಿ ಎದ್ದೆನೆಂಬುದು ಉಳಿದ ಕಥೆ.

ಇಲ್ಲಿ ಆಲಂಕಾರಿಕರು ಶಂಕೆಯೊಂದನ್ನು ಎತ್ತಬಹುದು. ರಸಾಸ್ವಾದಕ್ಕೆ ಎರಡು ಬಗೆಯ ಪ್ರತೀತಿಗಳು ಬಾಧಕವೆಂದು ಶಾಸ್ತ್ರವು ಹೇಳುವುದು. ಇದು ಯಾರದೋ ಸುಖದುಃಖ, ನನಗೇನು ಎಂಬ ತಾಟಸ್ಥ್ಯವೊಂದು. ಇದು ನನ್ನದೇ ಸುಖದುಃಖ ಎಂಬ ಸ್ವಗತಭಾವವೊಂದು. ಸಾಧಾರಣೀಕರಣದಿಂದ ಇವೆರಡೂ ಕಳೆದ ಮೇಲೆ ರಸ. ಹೀಗಿರಲು ನೋಡುವವನನ್ನು ಅವನ ಸ್ವಂತ ನೆನಪಿಗೇ ದೂಡುವ ದೃಶ್ಯವು ರಸಭಂಗವನ್ನು ಮಾಡಿತಲ್ಲವೆ?

ಸಮಾಧಾನವಿದು. ಕ್ಯಾಥಿಯು ಔತಣದ ಸಂಗತಿಯನ್ನು ಹೇಳುವಾಗ ನಾವು ಅವಳೊಡನೆ ತನ್ಮಯರಾಗಿಯೇ ಇರುವೆವು. ಅವಳ ಜುಗುಪ್ಸೆಯು ಸಾಧಾರಣವಾಗಿ ನಮ್ಮದೂ ಆಗುವುದು. ಆ ತನ್ಮಯತೆಯು ಸಿದ್ಧವಾದ ಮೇಲೆಯೇ ಡೇವನ ಪ್ರಶ್ನೆ ಬರುವುದು. ನಾವು ಯಾವುದನ್ನು ಸಹೃದಯತೆಯೆಂದು ಭಾವಿಸಿ ಆಸ್ವಾದಿಸುತ್ತಿದ್ದೆವೋ ಅದು ತಾಟಸ್ಥ್ಯದ ಇನ್ನೊಂದು ಮುಖವೆಂದು ಆಗ ತೋರುವುದು. ಹೃದಯವು ಕರಗಿತು, ಕೈ ಅಲುಗಲಿಲ್ಲ. ಭರತನು ವ್ರೀಡೆಯನ್ನು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಒಂದೆಂದು ಹೇಳಿ, ಮಾಡಬಾರದುದನ್ನು ಮಾಡಿದುದು ಅದಕ್ಕೆ ಕಾರಣವೆನ್ನುತ್ತಾನೆ. ಮಾಡಬೇಕಾದುದನ್ನು ಮಾಡದಿದ್ದುದರಿಂದಲೂ ಅದು ಹುಟ್ಟುವುದೆಂದು ಈ ಚಿತ್ರದಿಂದ ಸೇರಿಸಿಕೊಳ್ಳಬಹುದು. ಹೀಗೆ ಹುಟ್ಟಿದ ವ್ರೀಡೆಯು ಚಿತ್ರದ ಅಂಗಿರಸವೆಂದು ಹೇಳಲು ಶಾಸ್ತ್ರದಲ್ಲಿ ಎಡೆಯಿಲ್ಲ. ಅದೇ ಅದರ ಫಲವೆಂದು ಹೇಳಲು ಅಡ್ಡಿಯಿಲ್ಲ. ರಸಭಂಗವು ಕವಿಯ ಅಶಕ್ತಿಯಿಂದ ಆದರೆ ದೋಷ. ಉದ್ದೇಶಪೂರ್ವಕವಾಗಿ, ತಕ್ಕ ಸ್ಥಾನದಲ್ಲಿ, ಒಂದೇ ಸಲ ಆದರೆ ಅದನ್ನು ಗುಣವೆಂದೇ ಒಪ್ಪಬೇಕು.

ದೋಷಗಳು ಬೇರೆ ಉಂಟು. ಅವನ್ನು ಮುಚ್ಚಿಡುವುದು ವಿಮರ್ಶೆಯಲ್ಲ. ಮೊದಲನೆಯದು ಸ್ವಶಬ್ದವಾಚ್ಯತೆ. ಭಾವವನ್ನು ವ್ಯಂಜಿಸದೆ ಅದರ ಹೆಸರು ಹಿಡಿದು ಹೇಳುವುದನ್ನು ಮಮ್ಮಟನು ರಸದೋಷಗಳಲ್ಲಿ ಗಣಿಸಿರುವನು. ಗ್ರೀನನ ಮಾತುಗಳಲ್ಲಿ ಈ ದೋಷವು ಪದೇಪದೇ ಕಾಣುವುದು. ಕೋಪ ಬಂದಾಗ ಅವನು ಮನುಷ್ಯನಂತೆ ಕೋಪಗೊಳ್ಳದೆ ಲೇಖನದಂತೆ ಕೋಪಗೊಳ್ಳುತ್ತಾನೆ. ಗ್ರೆಗರಿ ಪೆಕ್ಕನ ಗಂಭೀರಾಕೃತಿಯೂ ಉಪದೇಶದ ಭಾರವನ್ನು ಇಳಿಸುವುದಿಲ್ಲ. ಚಿತ್ರವು ಈ ಸ್ಥಳಗಳಲ್ಲಿ ಪ್ರಭುಸಮ್ಮಿತವಾಗಿ ಆಜ್ಞಾಪಿಸುತ್ತದೆ. ಡೇವನ ಪ್ರಶ್ನೆಯಲ್ಲಿ ಮಾತ್ರ ಕಾಂತಾಸಮ್ಮಿತವಾಗುತ್ತದೆ. ಎರಡನೆಯದು, ಯೆಹೂದ್ಯರ ಸ್ವಂತ ಜೀವನವು ಇಲ್ಲಿ ಕಾಣಿಸದು. ಡೇವನ ಹೆಂಡತಿ ಮಕ್ಕಳು ತೆರೆಯ ಹೊರಗೇ ಉಳಿಯುವರು. ಒಂದು ಯೆಹೂದ್ಯ ಮನೆ, ಒಂದು ಹಬ್ಬ, ಒಂದು ಪ್ರಾರ್ಥನೆಯೂ ಇಲ್ಲ. ಯೂರೋಪಿನಲ್ಲಿ ಅರವತ್ತು ಲಕ್ಷ ಯೆಹೂದ್ಯರು ಹತರಾಗಿ ಇನ್ನೂ ಎರಡೇ ವರ್ಷ ಕಳೆದಿದ್ದರೂ ಆ ಮಹಾಹಿಂಸೆಗೆಂದು ಒಂದು ದೃಶ್ಯವೂ ಮೀಸಲಾಗಿಲ್ಲ. ಮೂರನೆಯದು ನಿರ್ವಹಣಸಂಧಿಯ ದೌರ್ಬಲ್ಯ. ಕ್ಯಾಥಿಯು ಮನೆಯನ್ನು ಕೊಡುವಳು, ನೆರೆಯಲ್ಲಿಯೇ ನಿಂತು ಬೆಂಬಲಿಸುವುದಾಗಿ ಹೇಳುವಳು, ಒಡನೆಯೇ ಆಲಿಂಗನ. ಆ ಊರಿನಲ್ಲಿ ಡೇವನ ಮಕ್ಕಳು ಕಳೆಯುವ ಮೊದಲ ದಿನವು ಹೇಗಿದ್ದೀತೆಂಬುದೇ ನಿಜವಾದ ಐದನೆಯ ಅಂಕ. ಅದನ್ನು ಬರೆಯಲೇ ಇಲ್ಲ.

ಅದನ್ನು ಚರಿತ್ರೆಯು ಬೇರೊಂದು ರೀತಿಯಲ್ಲಿ ಬರೆಯಿತು. ‘ಕ್ರಾಸ್‌ಫೈರ್’ ಚಿತ್ರದ ಸ್ಕಾಟ್, ಡಿಮಿಟ್ರಿಕ್ ಇಬ್ಬರೂ ಸಭಾಸಮಿತಿಯ ಪ್ರಶ್ನೆಗಳಿಗೆ ಉತ್ತರಿಸಲೊಲ್ಲದೆ ೧೯೪೭ರ ನವೆಂಬರಿನಲ್ಲಿಯೇ ಕೆಲಸ ಕಳೆದುಕೊಂಡರು. ಗ್ರೀನನ ತಾಯಿಯಾಗಿ ನಟಿಸಿದ ಆನ್ ರಿವಿಯರ್ ೧೯೫೧ರಲ್ಲಿ ಉತ್ತರ ಹೇಳಲು ನಿರಾಕರಿಸಿದ ಮೇಲೆ ಬಹುಕಾಲ ಚಿತ್ರರಂಗದಿಂದ ಹೊರಗುಳಿದಳು. ಅದೇ ವರ್ಷ ಜಾನ್ ಗಾರ್ಫೀಲ್ಡನು ಸಮಿತಿಯ ಮುಂದೆ ನಿಂತು ಯಾರ ಹೆಸರನ್ನೂ ಹೇಳಲಿಲ್ಲ; ಅವಕಾಶಗಳು ಮುಚ್ಚಿಹೋದವು; ೧೯೫೨ರ ಮೇ ತಿಂಗಳಿನಲ್ಲಿ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಹೃದ್ರೋಗದಿಂದ ತೀರಿಕೊಂಡನು. ನಿರ್ದೇಶಕ ಕಜಾನನು ೧೯೫೨ರ ಏಪ್ರಿಲ್‌ನಲ್ಲಿ ಹಳೆಯ ಸಂಗಡಿಗರ ಹೆಸರುಗಳನ್ನು ಹೇಳಿದನು. ೧೯೯೯ರಲ್ಲಿ ಅವನಿಗೆ ಗೌರವ ಪಾರಿತೋಷಕವನ್ನು ಕೊಟ್ಟಾಗ ಸಭೆಯಲ್ಲಿ ಕೆಲವರು ಎದ್ದು ಕರತಾಡನ ಮಾಡಿದರು, ಕೆಲವರು ಕೈಕಟ್ಟಿ ಕುಳಿತರು. ಕರ್ತೃವಿನ ಚರಿತ್ರೆಯಿಂದ ಕೃತಿಯನ್ನು ಅಳೆಯುವುದು ಶಾಸ್ತ್ರಸಮ್ಮತವಲ್ಲ, ನಾನೂ ಅಳೆಯುವುದಿಲ್ಲ. ಇಷ್ಟನ್ನು ಹೇಳಬಹುದು: ಆಗ ನೀನೇನು ಮಾಡಿದೆ ಎಂಬ ಪ್ರಶ್ನೆಯನ್ನು ಚಿತ್ರಿಸಿದವನಿಗೂ ಆ ಪ್ರಶ್ನೆಯಿಂದ ಬಿಡುಗಡೆಯಿರಲಿಲ್ಲ. ಇದು ಪ್ರಶ್ನೆಯ ಬಲವನ್ನು ಹೆಚ್ಚಿಸುವುದೇ ಹೊರತು ಕುಗ್ಗಿಸದು.

ಚಿತ್ರದಲ್ಲಿ ಹೇಳಿದ ಅನ್ಯಾಯಕ್ಕೆ ಕಾನೂನು ಪರಿಹಾರ ಹುಡುಕದೆ ಇರಲಿಲ್ಲ. ೧೯೪೮ರ ಮೇ ತಿಂಗಳಿನಲ್ಲಿ ಅಮೆರಿಕದ ಶ್ರೇಷ್ಠ ನ್ಯಾಯಾಲಯವು, ವರ್ಣಭೇದದಿಂದ ಮನೆಮಾರಾಟವನ್ನು ತಡೆಯುವ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂದು ತೀರ್ಪುಕೊಟ್ಟಿತು. ೧೯೬೮ರ ಶಾಸನವು ಮನೆಯ ಮಾರಾಟದಲ್ಲಿಯೂ ಬಾಡಿಗೆಯಲ್ಲಿಯೂ ಜನಾಂಗ, ಮತ ಮೊದಲಾದವುಗಳ ಭೇದವನ್ನು ನಿಷೇಧಿಸಿತು. ಇವು ದೊಡ್ಡ ಕಾರ್ಯಗಳು. ಆದರೆ ನ್ಯಾಯಾಲಯವು ರದ್ದುಪಡಿಸಬಲ್ಲುದು ಬರೆದ ಕರಾರನ್ನು. ಬರೆಯದ ಒಡಂಬಡಿಕೆಗೆ ಪತ್ರವಿಲ್ಲದುದರಿಂದ ಹರಿದುಹಾಕುವುದಕ್ಕೂ ಏನೂ ಇಲ್ಲ. ಅದು ಮೌನದಿಂದ ಹುಟ್ಟಿ ಮೌನದಿಂದಲೇ ಬದುಕುವುದು. ಪಂಕ್ತಿಯಲ್ಲಿ ಒಬ್ಬನು ಮಾತಾಡಿದರೆ ಅಷ್ಟರಮಟ್ಟಿಗೆ ಅದು ಮುರಿಯುವುದು. ವಿಕರ್ಣನ ಮಾತಿನಿಂದ ದ್ರೌಪದಿಗೆ ನ್ಯಾಯ ದೊರೆಯಲಿಲ್ಲ. ಆದರೂ ಅಂದಿನ ಸಭೆಯೆಲ್ಲವೂ ಒಮ್ಮತದಿಂದ ಒಪ್ಪಿತ್ತೆಂದು ಹೇಳುವ ಅವಕಾಶವನ್ನು ಅವನು ಯಾರಿಗೂ ಬಿಡಲಿಲ್ಲ.

ಸಾಹಿತ್ಯವನ್ನು ಬೋಧಿಸುವವರು ಸಹೃದಯರನ್ನು ಸಿದ್ಧಪಡಿಸುವುದೇ ತಮ್ಮ ಕೆಲಸವೆಂದು ತಿಳಿದಿರುವರು. ನಾನೂ ಹಾಗೆಯೇ ತಿಳಿದಿದ್ದೆನು. ಕ್ಯಾಥಿಯೂ ಸಹೃದಯಳೇ. ಇನ್ನು ಮುಂದೆ ಸಭಾಪರ್ವದ ಆ ಭಾಗವನ್ನು ಪಾಠ ಹೇಳುವಾಗ, ಅನ್ವಯ ತಾತ್ಪರ್ಯಗಳು ಮುಗಿದ ಮೇಲೆ, ಡೇವನ ಪ್ರಶ್ನೆಯನ್ನೂ ಸೇರಿಸಿ ಹೇಳಬೇಕೆಂದಿರುವೆನು. ವಿದ್ಯಾರ್ಥಿಗಳು ಅದನ್ನು ನನಗೇ ಹಿಂದಿರುಗಿಸಿ ಕೇಳಿದರೆ ಭೋಜನಪಂಕ್ತಿಯ ಸಂಗತಿಯನ್ನೂ ಹೇಳಬೇಕಾದೀತು.